ಯಮನವ್ವನ ಹೆಸರಿನ ಪೊಟ್ಟಣ

ಛತ್ರಪತಿ ಸಂಭಾಜಿನಗರ
೮ ಜುಲೈ ೨೦೨೪

ಮಂಗಲಕ್ಕಾ,

ನೀನೂ ಸುಖ, ನಾನೂ ಸುಖ ಎಂಬುದೆಲ್ಲ ಫೋನಿನಲ್ಲಿ ಮುಗಿದಿದೆ. ಅದಕ್ಕಿಂತ ಹೆಚ್ಚು ಆಡೋಣವೆಂದರೆ ನಿನ್ನ ಫೋನಿನಲ್ಲಿ ಭಾವನ ಕೆಮ್ಮು, ಅಂಗಡಿಯ ಗಿರಾಕಿಗಳ ಗದ್ದಲ. ಮನಸ್ಸಿನ ಮಾತಿಗೆ ಕಾಗದವೇ ಸೈ.

ಇವತ್ತು ಮಧ್ಯಾಹ್ನ ಊಟ ಬಿಟ್ಟೆ. ಯಾಕೆ ಕೇಳು. ಮಳೆಗಾಲ ಬಂತೆಂದರೆ ನಮ್ಮ ಆಸ್ಪತ್ರೆಯ ಚರ್ಮದ ವಿಭಾಗದ ಮುಂದೆ ಕೆರೆದುಕೊಳ್ಳುವವರ ಸಾಲು. ಒಬ್ಬ ಬಂದ, ಬೆರಳ ಸಂದಿಯಿಂದ ಮೊಣಕೈವರೆಗೆ ಹುಳಕಡ್ಡಿ, ಅಂಚಿನಲ್ಲಿ ಹೊಟ್ಟು ಉದುರುತ್ತಿದೆ. ಏನು ಕೆಲಸವಪ್ಪಾ ಎಂದು ಮರಾಠಿಯಲ್ಲಿ ಕೇಳಿದರೆ, ವೇರೂಳಿನ ಗುಡಿಯ ಹತ್ತಿರದ ಖಾನಾವಳಿಯಲ್ಲಿ ಹಿಟ್ಟು ನಾದುತ್ತೇನೆ ಎಂದ. ಅಯ್ಯೋ ಶಿವನೇ! ಹೋದ ತಿಂಗಳು ಘೃಷ್ಣೇಶ್ವರನಿಗೆ ಕೈಮುಗಿದು ಬಂದು ನಾನೂ ನಮ್ಮವರೂ ಅಲ್ಲೇ ಎಲ್ಲೋ ಜುಣಕ-ಭಾಕರಿ ತಿಂದು ಬೆರಳು ನೆಕ್ಕಿದ್ದೆವು. ಮೊದಲೇ ಬಸುರಿ, ನಾಲ್ಕು ತಿಂಗಳು ದಾಟಿದರೂ ವಾಕರಿಕೆ ನಿಂತಿಲ್ಲ. ಓಡಿಹೋಗಿ ಬಚ್ಚಲಲ್ಲಿ ಕಕ್ಕಿಕೊಂಡೆ.

ಈಗ ಕೆಲಸದ ಮಾತು. ಹಿಂದೆ ಒಂದು ಮುಲಾಮಿಗೆ ಓಡಿಹೋಗುತ್ತಿದ್ದ ಈ ಪಿಡುಗು ಈಗ ಯಾವುದಕ್ಕೂ ಬಗ್ಗುತ್ತಿಲ್ಲ. ಅದಕ್ಕೇ ನಮ್ಮ ಲ್ಯಾಬಿನಲ್ಲಿ ಔಷಧಗಳನ್ನೇ ಪರೀಕ್ಷೆಗೆ ಹಚ್ಚಿದ್ದೇವೆ. ರೋಗಿಯ ಚರ್ಮದ ಹೊಟ್ಟಿನಿಂದ ಹುಳಕಡ್ಡಿಯ ಬೂಷ್ಟನ್ನು ಬಾಟಲಿಯಲ್ಲಿ ಬೆಳೆಸುವುದು, ಆಮೇಲೆ ಪಡ್ಡಿನ ಹಂಚಿನಂಥ ಸಣ್ಣ ಗುಳಿಗಳ ತಟ್ಟೆಯಲ್ಲಿ ಒಂದೊಂದು ಗುಳಿಗೆ ಒಂದೊಂದು ಪ್ರಮಾಣದ ಔಷಧ ಹಾಕಿ, ಅದರೊಳಗೆ ಆ ಬೂಷ್ಟನ್ನು ಬಿಡುವುದು. ಬೆಳೆಯದೆ ಹೋದರೆ ಔಷಧ ನಾಟಿತು ಎಂದರ್ಥ. ಬೆಳೆದರೆ ಆ ಔಷಧ ಹಚ್ಚುವುದೂ ಒಂದೇ, ನೀರು ಹಚ್ಚುವುದೂ ಒಂದೇ.

ನಮ್ಮ ಮುಖ್ಯಸ್ಥರಿಗೆ ನಾಸಿಕದ ಮಾದರಿಗಳೂ ಬೇಕಂತೆ. ನಿಮ್ಮದು ಔಷಧದ ಅಂಗಡಿ, ನೀನು ಮದುವೆಗೆ ಮುಂಚೆ ಬೀದರಿನ ಲ್ಯಾಬಿನಲ್ಲಿ ಇದೇ ಕೆಲಸ ಮಾಡಿದವಳು, ನನ್ನ ಕೈಗೆ ಮೊದಲ ಸ್ಲೈಡ್ ಕೊಟ್ಟವಳು. ಗಿರಾಕಿಗಳು ಒಪ್ಪಿದರೆ ಕೆರೆದು ಕಳಿಸು. ಸ್ಪಿರಿಟ್ಟಿನಿಂದ ಒರೆಸಿ, ಅಂಚಿನಿಂದ ಕೆರೆದು, ಕಪ್ಪು ಕಾಗದದಲ್ಲಿ ಮಡಿಚಿ ಕಳಿಸುವುದನ್ನು ನಾನು ನಿನಗೆ ಹೇಳಬೇಕೇ?

ಕೊನೆಯ ಮಾತೇ ದೊಡ್ಡದು. ನವೆಂಬರ್ ಕೊನೆಗೆ ಹೆರಿಗೆ. ಅವ್ವ ಇಲ್ಲ. ಅತ್ತೆಗೆ ಮೊಣಕಾಲು ಮಡಚಲು ಬರುವುದಿಲ್ಲ. ಕೂಸಿಗೆ ಎಣ್ಣೆ-ನೀರು ಎರೆಯುವವಳು ನೀನೇ. ಅವ್ವ ಕಾಲು ಚಾಚಿ ಕೂತು, ಸೀರೆ ಮೇಲೆತ್ತಿ, ಬರಿಗಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳಲ್ಲ, ಹಾಗೆ. ಇಲ್ಲ ಅನ್ನಬೇಡ.

ನಿನ್ನ ವಿದ್ಯಾ


ನಾಸಿಕ
೨೧ ಜುಲೈ ೨೦೨೪

ವಿದ್ಯಾ,

ನಿನ್ನ ಕಾಗದ ಓದುತ್ತ ನಕ್ಕೆ, ಆಮೇಲೆ ಅವತ್ತು ಹಿಟ್ಟು ನಾದಲು ನನಗೂ ಮನಸ್ಸಾಗಲಿಲ್ಲ.

ಪೊಟ್ಟಣಗಳನ್ನು ಕಳಿಸಿದ್ದೇನೆ. ಒಂದು ಮಹಿಬೂಬನದು, ನಮ್ಮ ಓಣಿಯಲ್ಲಿ ಆಟೋ ಓಡಿಸುತ್ತಾನೆ. ಇನ್ನೊಂದು ಯಮನವ್ವನದು. ಇಂಡಿ ಕಡೆಯವಳು. ಅಂಗಡಿಯ ಹಿಂದೆ ಏಳುತ್ತಿರುವ ಕಟ್ಟಡದಲ್ಲಿ ಗಂಡನ ಜೊತೆ ಸಿಮೆಂಟು ಹೊರುತ್ತಾಳೆ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಸಂಸಾರ. ಬೆಳಿಗ್ಗೆ ಬಂದು ನಮ್ಮ ಅಂಗಡಿ ಗುಡಿಸಿ, ಮನೆಯ ಬಟ್ಟೆ ಒಗೆದು ಹೋಗುತ್ತಾಳೆ. ಇವರನ್ನು ಬಿಟ್ಟರೆ ಈ ಊರಿನಲ್ಲಿ ನನಗೆ ಕನ್ನಡ ಕೇಳಲು ಸಿಗುವುದು ಅವಳ ಬಾಯಿಂದಲೇ.

ಅವಳಿಗೆ ತೊಡೆಗೆ, ಸೊಂಟಕ್ಕೆ, ಲಂಗದ ಲಾಡಿ ಕಟ್ಟುವಲ್ಲೆಲ್ಲ ಆಗಿದೆ. ಸಂಕ್ರಾಂತಿಯಿಂದಲೂ ಇದೆ. ಟ್ಯೂಬು ಹಚ್ಚಿದರೆ ವಾರ ತಣ್ಣಗಿರುತ್ತದೆ, ಬಿಟ್ಟರೆ ಮೊದಲಿಗಿಂತ ಅಗಲವಾಗಿ ಏಳುತ್ತದೆ. ಬೆವೆತರೆ ಇರುವೆ ಹರಿದಂತೆ. ನಾಲ್ಕು ಜನರ ನಡುವೆ ಕೂತಾಗ ಕೈ ತಾನೇ ಹೋಗುತ್ತದೆ, ಒಂದು ಕೈಯಿಂದ ಇನ್ನೊಂದನ್ನು ಹಿಡಿದು ಕೂರಬೇಕು. ಹಚ್ಚಿ ಹಚ್ಚಿ ತೊಡೆಯ ಒಳಗೆ ಚರ್ಮ ತೆಳುವಾಗಿ ಕೆಂಪು ಗೆರೆ ಬಿದ್ದಿವೆ. ತನ್ನ ಮೈ ತನಗೇ ಹೊಲಸು ಅನಿಸುತ್ತದಂತೆ. ಔಷಧ ಯಾವುದು ನಾಟುತ್ತದೆಂದು ಆದಷ್ಟು ಬೇಗ ನೋಡು.

ಎರೆಯುವ ಮಾತು ಆಮೇಲೆ ಆಡೋಣ. ಅಂಗಡಿ ಬಿಟ್ಟು ಬರುವುದು ಸುಲಭವಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಮಂಗಲಾ


ಛತ್ರಪತಿ ಸಂಭಾಜಿನಗರ
೧೪ ಆಗಸ್ಟ್ ೨೦೨೪

ಅಕ್ಕಾ,

ಮಹಿಬೂಬನದು ಬೆಳೆಯಲಿಲ್ಲ, ಪುಣ್ಯವಂತ. ಆದರೆ ಆ ನಿನ್ನ ಯಮನವ್ವ! ಛೀ, ಛೀ, ಛೀ. ಬಾಟಲಿಯ ತುಂಬ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಹಬ್ಬಿದೆ. ಕೆಳಗಿನಿಂದ ನೋಡಿದರೆ ಹಳದಿ-ಕಂದು, ಮೂಗು ಒರೆಸಿದ ಬಟ್ಟೆಯ ಬಣ್ಣ. ನಮ್ಮ ಲ್ಯಾಬಿನ ರವಿಕಾಂತ ಸರ್ ಅಂಥವರೇ, ಎಂಥ ಗಲೀಜು ನೋಡಿಯೂ ಚಹಾ ಕುಡಿಯುವವರು, ಬಾಟಲಿ ನೋಡಿ ಕಪ್ಪು ಕೆಳಗಿಟ್ಟರು. ನಾವು ಅದಕ್ಕೆ 'ಯಮನವ್ವನ ಹೊಲ' ಎಂದು ಹೆಸರಿಟ್ಟಿದ್ದೇವೆ. ದಿನಾ ಬೆಳಿಗ್ಗೆ, ಹೊಲ ಎಷ್ಟು ಬೆಳೆಯಿತು ಎಂದು ಕೇಳಿ ನಗುವುದು.

ಆ ಹೆಂಗಸು ಮೈ ತೊಳೆಯುತ್ತಾಳೋ ಇಲ್ಲವೋ? ಶೆಡ್ಡಿನ ಜನ, ಒದ್ದೆ ಲಂಗವನ್ನೇ ಉಟ್ಟುಕೊಂಡು ದಿನ ದೂಡುತ್ತಾರೆ, ಒಂದೇ ಟವೆಲ್ಲಿನಲ್ಲಿ ಇಡೀ ಮನೆ ಒರೆಸಿಕೊಳ್ಳುತ್ತದೆ. ನೀನು ಅವಳ ಕೈಯಲ್ಲಿ ನಿನ್ನ ಬಟ್ಟೆ ಒಗೆಸುತ್ತೀಯಾ? ನನಗೆ ಬರೆಯುವಾಗಲೇ ಮೈ ತುರಿಸುತ್ತಿದೆ. ದಯವಿಟ್ಟು ಅವಳನ್ನು ಮನೆಯೊಳಗೆ ಬಿಡಬೇಡ. ತಟ್ಟೆಯ ಪರೀಕ್ಷೆಗೆ ಹಾಕಿದ್ದೇನೆ, ಫಲಿತಾಂಶ ಬರಲಿ. ಯಾವ ಟ್ಯೂಬು ಹಚ್ಚುತ್ತಿದ್ದಳು ಎಂದು ಕೇಳಿ ಬರೆ.

ನೀನು ಎರೆಯುವ ಮಾತು ತೇಲಿಸಿದ್ದು ನನಗೆ ತಿಳಿಯದೆಂದುಕೊಂಡೆಯಾ? ಮಕ್ಕಳಿಲ್ಲದವಳು ಬೇರೆಯವರ ಕೂಸಿಗೆ ಎರೆಯಬಾರದು ಎಂದು ಯಾರೋ ನಿನ್ನ ಕಿವಿ ಊದಿದ್ದಾರೆ. ಅಂದವರ ಬಾಯಿಗೆ ಬೂದಿ ಹಾಕು. ನನ್ನ ಕೂಸು, ನನ್ನ ಅಕ್ಕ. ನಿನ್ನ ಕಾಲ ಮೇಲಲ್ಲದೆ ಇನ್ನಾರ ಕಾಲ ಮೇಲೂ ಅದು ಮಲಗುವುದಿಲ್ಲ. ಬರುತ್ತೀಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳು.

ವಿದ್ಯಾ


ನಾಸಿಕ
೨೬ ಆಗಸ್ಟ್ ೨೦೨೪

ವಿದ್ಯಾ,

ನಿನ್ನ ಕಾಗದ ಅಂಗಡಿಗೆ ಬಂತು. ಇವರು ಒಡೆದು ಓದಿದರು.

ಯಮನವ್ವ ಆಗ ಮುಂಬಾಗಿಲು ಗುಡಿಸುತ್ತಿದ್ದಳು. ಗಿರಾಕಿಗಳು ನಿಂತಿದ್ದರು. ಇವರು ಎದ್ದು ಹೋಗಿ ಅವಳ ಕೈಯಿಂದ ಕಸಬರಿಗೆ ಕಿತ್ತುಕೊಂಡರು. "ಮೈ ತುಂಬ ಹುಳ ಇಟ್ಕೊಂಡು ನನ್ನ ಅಂಗಡ್ಯಾಗ ಬರ್ಲತ್ತೀಯೇನ? ದವಾಖಾನಿಯಿಂದ ಕಾಗದ ಬಂದದ ನೋಡು" ಎಂದರು. ಅವಳು, "ಯಾರಿಗ್ರಿ ಹುಳ? ನನಗೇನೂ ಇಲ್ರಿ ಸೇಠ" ಎಂದಳು. ಇವರು ಕೇಳಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಪರದೆಯ ಹಿಂದೆ ಇದ್ದೆ.

ಕಟ್ಟಡದವರಿಗೂ ಸುದ್ದಿ ಮುಟ್ಟಿತು. ಅವಳೂ ಅವಳ ಗಂಡನೂ ಕೂಲಿಯವರ ಟೋಳಿ ಬಿಟ್ಟು ಬೇರೆ ಕೆಲಸಕ್ಕೆ ಹೋದರಂತೆ. ಎಲ್ಲಿಗೆಂದು ಯಾರೂ ಹೇಳಲಿಲ್ಲ.

ಟ್ಯೂಬು ನಮ್ಮ ಅಂಗಡಿಯದೇ. ಹುಳಕಡ್ಡಿ ಎಂದು ಬಂದವರಿಗೆಲ್ಲ ಇವರು ಅದನ್ನೇ ಕೊಡುವುದು. ಒಂದು ಸಲ ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಅದಕ್ಕೇ ಜನ ಮತ್ತೆ ಅದನ್ನೇ ಕೇಳಿ ಬರುತ್ತಾರೆ.

ತಟ್ಟೆಯ ಫಲಿತಾಂಶ ಬಂತೇ? ಅವಳಿಗೆ ನಾಟುವ ಔಷಧ ಇದೆಯೋ ಇಲ್ಲವೋ, ಅದನ್ನು ಮಾತ್ರ ಬೇಗ ಬರೆ. ಅಂಗಡಿಗೆ ಕಳಿಸಬೇಡ, ಎದುರುಮನೆಯ ಸುಮಂಗಲಾಬಾಯಿಯ ವಿಳಾಸಕ್ಕೆ ಹಾಕು.

ಬರುತ್ತೇನೋ ಇಲ್ಲವೋ ಎಂದು ಕೇಳಿದ್ದೀ. ಬೇರೆ ಯಾರನ್ನಾದರೂ ಗೊತ್ತುಮಾಡಿಕೋ.

ಮಂಗಲಾ


ಛತ್ರಪತಿ ಸಂಭಾಜಿನಗರ
೧೯ ಸೆಪ್ಟೆಂಬರ್ ೨೦೨೪

ಅಕ್ಕಾ,

'ಬೇರೆ ಯಾರನ್ನಾದರೂ' ಎಂಬ ನಿನ್ನ ಮಾತಿಗೆ ನಾನು ಉತ್ತರ ಬರೆಯದೇ ಕೂತೆ. ಅಷ್ಟು ಸಿಟ್ಟು ಬಂದಿತ್ತು. ಮೊನ್ನೆ ಮಂಗಳವಾರ ಆ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ.

ಲ್ಯಾಬಿನ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ತಲೆಯ ಮೇಲೆ ಸೆರಗು, ಕಾಲಿಗೆ ಸಿಮೆಂಟಿನ ಬೂದಿ. ವೈಜಾಪುರದ ಹತ್ತಿರ ರಸ್ತೆ ಕೆಲಸಕ್ಕಿದ್ದಾಳಂತೆ, ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ಬಂದಳಂತೆ. ನಿನ್ನ ತಂಗಿ ಈ ದವಾಖಾನೆಯಲ್ಲಿದ್ದಾಳೆಂದು ಹಿಂದೆ ನಿನ್ನ ಬಾಯಿಂದಲೇ ಕೇಳಿದ್ದಳಂತೆ.

"ಲ್ಯಾಬಿನ ಬಾಯಿ ನೀವೇನ್ರಿ? ಯಮನವ್ವನ ಮೈಯಾಗ ಹುಳ ಅದಾವ ಅಂತ ಬರದವ್ರು?"

ನಾನು ಹೌದೆಂದೆ. ಹೇಳಲೇಬೇಕು, ಒಂದು ಹೆಜ್ಜೆ ಹಿಂದೆ ಸರಿದೆ. ಅವಳದನ್ನು ನೋಡಿದಳು.

"ನಾನs ಯಮನವ್ವ. ನೋಡ್ರಿ, ಎಲ್ಲಿ ಅದಾವ ತೋರಸ್ರಿ. ನಮ್ಮ ಮಂದಿ ನನ್ನ ಕೊಡದ ನೀರ ಮುಟ್ಟಲಿಲ್ಲ. ನನ್ನ ಗಂಡ ಬ್ಯಾರೆ ಚಾದರ ಹಾಸ್ಕೊಂಡ. ನೀವು ನನ್ನ ಕಣ್ಣೀಲೆ ನೋಡಿಲ್ಲ, ಹ್ಯಾಂಗ್ ಬರದ್ರಿ?"

ಪರದೆ ಎಳೆದು ನೋಡಿದೆ. ತೊಡೆ, ಸೊಂಟ, ಬಗಲು, ಬೆರಳ ಸಂದಿ. ಸಿಮೆಂಟಿಗೆ ಒರಟಾದ ಚರ್ಮ ಬಿಟ್ಟರೆ ಏನೂ ಇಲ್ಲ. ಹಳೆಯ ಕಲೆಯೂ ಇಲ್ಲ, ಟ್ಯೂಬಿನ ಕೆಂಪು ಗೆರೆಯೂ ಇಲ್ಲ. "ಕೆರದs ನೋಡ್ರಿ" ಎಂದು ಪಟ್ಟು ಹಿಡಿದಳು. ಕೆರೆದು ಮಸೂರದ ಕೆಳಗಿಟ್ಟೆ. ಶುದ್ಧ. ಬೂಷ್ಟು ಇಲ್ಲವೆಂದು ಬರೆದು, ಮೊಹರು ಹಾಕಿ ಅವಳ ಕೈಗೆ ಕೊಟ್ಟೆ. ತಪ್ಪಾಯಿತೆಂದು ಕೈಮುಗಿದೆ. ಆ ನಾಚಿಕೆಯ ಭರದಲ್ಲಿ, ನವೆಂಬರಿನಲ್ಲಿ ನಮ್ಮ ಮನೆಗೆ ಬಂದು ಕೂಸಿಗೆ ಎರೆಯುತ್ತೀಯಾ ಎಂದೂ ಕೇಳಿಬಿಟ್ಟೆ.

ಅವಳು ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡಳು. "ನಾಕ ಹಡದೀನಿ, ಎಷ್ಟೋ ಕೂಸಿಗಿ ಎರದೀನಿ. ಖರೆ ನಿಮ್ಮ ಮನಿಗಿ ಒಲ್ಲೆ. ನನಗ ನಿಮ್ಮ ಮ್ಯಾಲ ಹೇಸಿಗಿ ಬಂದದ" ಎಂದಳು. ನೀರೂ ಕುಡಿಯದೆ ಹೋದಳು.

ಅಕ್ಕಾ, ಆಮೇಲೆ ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಕೈ ಹಿಡಿದು ಕೂರುವುದು, ಇರುವೆ ಹರಿಯುವುದು. ಹೋದವಳಿಗೆ ಔಷಧ ಬೇಗ ಬರೆ ಎಂದು ಯಾರಾದರೂ ಕೇಳುತ್ತಾರೆಯೇ? ಆ ಪೊಟ್ಟಣ ನಿನ್ನದು. ತೊಡೆಯ ಮೇಲಿದೆ, ಅದಕ್ಕೇ ಕೂಸನ್ನು ಮಲಗಿಸಿಕೊಳ್ಳಲು ಒಲ್ಲೆ ಎಂದೆ. ನಾನು ದಿನಾ ಬೆಳಿಗ್ಗೆ ನಕ್ಕಿದ್ದು, ಮೂಗು ಮುಚ್ಚಿಕೊಂಡಿದ್ದು, ನಿನ್ನ ಮೈಗೆ. ನನಗೆ ಈಗ ನನ್ನ ಬಾಯಿಯ ಮೇಲೇ ಹೇಸಿಗೆ.

ಫಲಿತಾಂಶ ಹೇಳುತ್ತೇನೆ, ಸರಿಯಾಗಿ ಓದು. ಎಲ್ಲರೂ ಮೊದಲು ಕೊಡುವ ಟರ್ಬಿನಾಫಿನ್ ಹಾಕಿದ ಗುಳಿಗಳಲ್ಲೆಲ್ಲ ನಿನ್ನ ಬೂಷ್ಟು ಸೊಂಪಾಗಿ ಬೆಳೆದಿದೆ, ಅದು ನಾಟುವುದಿಲ್ಲ. ಇಟ್ರಾಕೊನಜೋಲ್ ಎಂಬ ಇನ್ನೊಂದು ಔಷಧವನ್ನು ಸ್ವಲ್ಪ ಹಾಕಿದರೂ ಬೆಳೆಯುವುದು ನಿಂತಿದೆ. ನೀನೇ ಅಂಗಡಿಯಿಂದ ತೆಗೆದು ನುಂಗಬೇಡ. ನಾಳೆಯೇ ಚರ್ಮದ ಡಾಕ್ಟರಿಗೆ ಈ ವರದಿ ತೋರಿಸು. ಭಾವನ ಟ್ಯೂಬಿನಲ್ಲಿ ಸ್ಟೆರಾಯ್ಡ್ ಇದೆ. ಅದು ತುರಿಕೆಯನ್ನು ಮಲಗಿಸಿ ಬೂಷ್ಟನ್ನು ಸಾಕುತ್ತದೆ. ಅದನ್ನು ಮಾರುತ್ತ, ನಿನಗೂ ಹಚ್ಚಲು ಕೊಟ್ಟು, ಇನ್ನೊಬ್ಬಳ ಕಸಬರಿಗೆ ಕಿತ್ತುಕೊಂಡ ಆ ಮನುಷ್ಯನನ್ನು ನೆನೆದರೆ ನನಗೆ ಯಾವ ಬಾಟಲಿಯನ್ನು ನೋಡಿದಾಗಲೂ ಬಾರದ ವಾಕರಿಕೆ ಬರುತ್ತದೆ.

ನನಗೆ ಹೇಳಲು ನಿನಗೆ ಏನು ಧಾಡಿಯಾಗಿತ್ತು?

ವಿದ್ಯಾ


ನಾಸಿಕ
೨ ಅಕ್ಟೋಬರ್ ೨೦೨೪

ವಿದ್ಯಾ,

ಏನು ಧಾಡಿ ಎಂದು ಕೇಳಿದೆಯಲ್ಲ. ನಿನ್ನ ಮೊದಲ ಕಾಗದ ತೆಗೆದು ಓದು. ಹಿಟ್ಟು ನಾದುವವನನ್ನು ನೋಡಿ ಕಕ್ಕಿಕೊಂಡೆ ಎಂದು ಬರೆದವಳಿಗೆ, ನನ್ನ ತೊಡೆ ನೋಡು ಎಂದು ಹೇಗೆ ಬರೆಯಲಿ?

ಇವರು ಮೊದಲ ದಿನವೇ ಹೇಳಿದ್ದರು: "ಯಾರಿಗೂ ಹೇಳಬ್ಯಾಡ. ಸೇಠನ ಹೆಂಡ್ತೀನೇ ಕೆರಕೋತ ಕುಂತ್ರ ಟ್ಯೂಬ್ ಯಾರ್ ತಗೋತಾರ?" ನನಗೆ ಬೇರೆ ಬಕೆಟ್ಟು, ಬೇರೆ ಹಾಸಿಗೆ. ನನ್ನ ಒಳಬಟ್ಟೆ ಬಿಸಿಲು ಕಂಡಿಲ್ಲ, ಬಚ್ಚಲ ಬಾಗಿಲ ಹಿಂದೆ ಒದ್ದೆಯಾಗಿಯೇ ತೂಗುತ್ತಿತ್ತು. ಅದನ್ನೇ ಉಡುತ್ತಿದ್ದೆ. ಒದ್ದೆ ಲಂಗ ಉಡುವ ಶೆಡ್ಡಿನ ಜನ ಎಂದು ಬರೆದಿದ್ದೆಯಲ್ಲ, ಅದು ನಾನು.

ಯಮನವ್ವನ ಹೆಸರು ಯಾಕೆ ಬರೆದೆ? ಅವಳ ಹೆಸರಿದ್ದರೆ ನೀನು ಏನೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಶೆಡ್ಡಿನವಳು, ಹೊಲಸು ಇರಲೇಬೇಕು ಎಂದು ನೀನೂ ನಂಬುತ್ತೀ, ಇವರೂ ನಂಬುತ್ತಾರೆ. ಹಾಗೆಯೇ ಆಯಿತು. ನನ್ನ ಹೊಲಸನ್ನು ಅವಳ ತಲೆಗೆ ಕಟ್ಟಿ ನಾನು ಪರದೆಯ ಹಿಂದೆ ನಿಂತೆ. ಮುಚ್ಚಿಟ್ಟು ಬೆಳೆಸುವ ಆ ಟ್ಯೂಬಿಗೂ ನನಗೂ ಏನು ಫರಕು?

ಡಾಕ್ಟರಿಗೆ ತೋರಿಸಿದ್ದೇನೆ, ಮಾತ್ರೆ ಶುರುವಾಗಿದೆ. ಲಂಗಗಳನ್ನು ಕುದಿಸಿ ಮಾಳಿಗೆಯ ಗಚ್ಚಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಬಿಸಿಲಿಗೆ ಹಾಕಿದ್ದೇನೆ.

ಮೊನ್ನೆ ಇನ್ನೊಂದು ಕೆಲಸ ಮಾಡಿದೆ. ಸಂಜೆ ಅಂಗಡಿ ತುಂಬಿತ್ತು. ಇವರು ಒಬ್ಬ ಹುಡುಗಿಯ ಕೈಗೆ ಅದೇ ಟ್ಯೂಬು ಇಟ್ಟರು. ನಾನು ಪರದೆ ಸರಿಸಿ ಹೊರಗೆ ಬಂದೆ. ಮರಾಠಿಯಲ್ಲಿ, ಆಮೇಲೆ ಕಟ್ಟಡದವರಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದೆ: "ಹುಳಕಡ್ಡಿ ಆಗಿದ್ದು ನನಗ. ಯಮನವ್ವಗ ಅಲ್ಲ. ಈ ಟ್ಯೂಬ್ ಹಚ್ಚೀನೇ ಹೆಚ್ಚಾಗ್ಯದ. ದವಾಖಾನಿಗಿ ಹೋಗ್ರಿ." ಹುಡುಗಿ ಟ್ಯೂಬನ್ನು ಮೆಲ್ಲಗೆ ಗಾಜಿನ ಮೇಲೆ ಇಟ್ಟಳು. ಇವರ ಮುಖ ನೋಡಬೇಕಿತ್ತು. "ಮನಿ ಮಾನ ತೆಗದಿ" ಎಂದರು. ಅಂದಿನಿಂದ ಮಾತಿಲ್ಲ. ಟ್ಯೂಬುಗಳು ಇನ್ನೂ ಕಪಾಟಿನಲ್ಲಿವೆ. ಆದರೆ ನಾನೂ ಈಗ ಕೌಂಟರಿನಲ್ಲೇ ಕೂರುತ್ತೇನೆ. ಟ್ಯೂಬು ಕೇಳಿ ಬಂದವರಿಗೆಲ್ಲ ನನ್ನ ಕಥೆ ಹೇಳಲು ಬೇಸರವೇ ಆಗುವುದಿಲ್ಲ.

ನಿನ್ನ ಕೂಸಿಗೆ ಎರೆಯಬೇಕೆಂದು ನನಗೆ ಎಷ್ಟು ಆಸೆಯಿದೆ ಎಂದು ಒಮ್ಮೆಯೂ ಬರೆದಿಲ್ಲ. ಈಗ ಬರೆಯುತ್ತೇನೆ. ಜೀವ ಹಾತೊರೆಯುತ್ತದೆ. ಆದರೆ ನಿನ್ನ ಬಾಟಲಿ ಖಾಲಿ ಎನ್ನುವವರೆಗೆ ನಾನು ಬರುವುದಿಲ್ಲ. ಮಾತ್ರೆ ಮುಗಿಯುತ್ತಿದ್ದಂತೆ ಮತ್ತೆ ಕೆರೆದು ಕಳಿಸುತ್ತೇನೆ, ಈ ಸಲ ನನ್ನ ಹೆಸರಿನಲ್ಲಿ.

ಮಂಗಲಾ


ಛತ್ರಪತಿ ಸಂಭಾಜಿನಗರ
೧೬ ಡಿಸೆಂಬರ್ ೨೦೨೪

ಅಕ್ಕಾ,

ಕಾಗದವನ್ನು ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದರಲ್ಲಿ ನಿನ್ನ ಮಗಳಿದ್ದಾಳೆ. ಹೌದು, ನಿನ್ನ ಮಗಳೇ. ಮೂಗು ಅವ್ವನದು, ಸಿಟ್ಟು ನನ್ನದು.

ಇವಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಅದ್ದಿ ತೆಗೆಯುತ್ತಿದ್ದೇನೆ. ಕತ್ತಿನ ಮಡಿಕೆಯಲ್ಲಿ ಹಾಲು ಹುಳಿತು ನಾರುತ್ತದೆ, ಲಂಗೋಟಿಯ ವಿಷಯ ಕೇಳಲೇಬೇಡ. ಅತ್ತೆ ನೋಡಿ ನೋಡಿ, "ಇದೇನು ಅರಿವಿ ಒಗದಂಗ ಒಗೀಲತ್ತೀದಿ" ಎನ್ನುತ್ತಾರೆ. ವಿಚಿತ್ರವೆಂದರೆ ಈ ಹೊಲಸು ಯಾವುದಕ್ಕೂ ನನಗೆ ಹೇಸಿಗೆ ಬರುತ್ತಿಲ್ಲ. ಇದನ್ನು ಯೋಚಿಸುತ್ತ ಕೂತರೆ ನಿನ್ನ ಬಾಟಲಿ ನೆನಪಾಗಿ ಅಳು ಬರುತ್ತದೆ.

ಈಗ ಕೇಳು. ರವಿಕಾಂತ ಸರ್ ಇವತ್ತು ಫೋನ್ ಮಾಡಿದ್ದರು. ನಿನ್ನ ಹೊಸ ಪೊಟ್ಟಣದ ಬಾಟಲಿಯನ್ನು ಇಡಬೇಕಾದಷ್ಟು ವಾರ ಇಟ್ಟು ನೋಡಿದರು. ಏನೂ ಬೆಳೆದಿಲ್ಲ. ಖಾಲಿ ಬಾಟಲಿಯ ಫೋಟೋ ಕಳಿಸಿದ್ದಾರೆ, ನಮ್ಮವರಿಗೆ ತೋರಿಸಿದರೆ ಇದರಲ್ಲೇನಿದೆ ಎನ್ನುತ್ತಾರೆ.

ಬಾ.

ವಿದ್ಯಾ


ವೈಜಾಪುರ, ಬಸ್ ನಿಲ್ದಾಣ
೨೨ ಡಿಸೆಂಬರ್ ೨೦೨೪

ವಿದ್ಯಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ನಾನೇ ನಿನ್ನ ಕೈಗೆ ಕೊಡುತ್ತೇನೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬಾರದು.

ಬಸ್ಸಿನಿಂದ ಇಲ್ಲಿ ಇಳಿದೆ. ರಸ್ತೆ ಕೆಲಸದ ಶೆಡ್ಡುಗಳನ್ನು ಕೇಳುತ್ತ ಹೋದೆ. ಯಮನವ್ವ ಸಿಕ್ಕಳು. ಜಲ್ಲಿಯ ಬುಟ್ಟಿ ತಲೆಯ ಮೇಲಿತ್ತು, ಇಳಿಸಲಿಲ್ಲ. ನಾನು ತಪ್ಪು ನನ್ನದೆಂದೆ, ನಾಸಿಕದಲ್ಲಿ ಎಲ್ಲರ ಮುಂದೆ ಹೇಳಿದ್ದೇನೆಂದೆ. "ಕೇಳೀನಿ" ಎಂದಳು. ಕೂಸಿಗೆ ಎರೆಯಲು ಹೋಗುತ್ತಿದ್ದೇನೆಂದೆ.

ಆಗ ಬುಟ್ಟಿ ಇಳಿಸಿದಳು. "ತೋರಸ್ರಿ" ಎಂದಳು.

ನನಗೆ ಮೊದಲು ತಿಳಿಯಲಿಲ್ಲ.

"ನಾ ಎಲ್ಲಾರಿಗೂ ತೋರಸೀನಿ. ನನ್ನ ಗಂಡಗ, ನಮ್ಮ ಮಂದೀಗಿ, ನಿಮ್ಮ ತಂಗೀಗಿ. ನೀವು ನನಗ ತೋರಸ್ರಿ."

ತಗಡಿನ ಮರೆಗೆ ಹೋದೆವು. ಸೀರೆ ಎತ್ತಿದೆ. ಇಷ್ಟು ತಿಂಗಳು ಗಂಡನೂ ಕಣ್ಣೆತ್ತಿ ನೋಡದ ತೊಡೆಯನ್ನು ಅವಳು ಬಗ್ಗಿ ನೋಡಿದಳು, ಬೆಳಕಿಗೆ ತಿರುಗಿಸಿ ನೋಡಿದಳು. ಒರಟು ಬೆರಳಿನಿಂದ ಕೆಂಪು ಗೆರೆಗಳನ್ನು ಸವರಿದಳು. ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿದಳು.

"ಕಲಿ ಉಳದದ. ಹುಳ ಹೋಗ್ಯದ" ಎಂದಳು. "ನನಗ ನಿಮ್ಮ ಮ್ಯಾಲಿನ ಹೇಸಿಗಿ ಇನ್ನಾ ಹೋಗಿಲ್ಲ. ಅದರಾಗ ಕೂಸಿಂದೇನು ತಪ್ಪು? ಹೋಗಿ ಎರೀರಿ."

ಚಹಾ ಕೊಡಿಸುತ್ತೇನೆಂದೆ, ಒಲ್ಲೆನೆಂದಳು. ಬುಟ್ಟಿ ಎತ್ತಿಕೊಡಲು ಹೋದೆ, ಅದಕ್ಕೆ ಮಾತ್ರ ಬೇಡ ಅನ್ನಲಿಲ್ಲ.

ಬಸ್ಸು ಬಂತು. ನಾನು ಬರುವ ಹೊತ್ತಿಗೆ ನೀರು ಕಾಯಿಸಿ ಇಡು. ಮಗಳನ್ನು ನನ್ನ ಕಾಲ ಮೇಲೆ ಹಾಕುವ ಮುಂಚೆ ನೀನೂ ಒಮ್ಮೆ ನೋಡು. ಬಾಟಲಿಯಲ್ಲಲ್ಲ, ನನ್ನ ಮೈ ಮೇಲೆ.

ಮಂಗಲಾ